ಗಳಿಕೆ ಒಂದು ಮನೆಯದು, ಖರ್ಚು ಇನ್ನೊಂದು ಮನೆಯದು

ನೀಲಗಿರಿಯ ಅರವಂಕಾಡಿನ ಕಾರ್ಡೈಟ್ ಫ್ಯಾಕ್ಟರಿಯ ಹಳೆಯ ನೌಕರರ ಸಂಬಳದ ಚೀಟಿಯಲ್ಲಿ ಮೂಲವೇತನದ ಕೆಳಗೆ ತುಟ್ಟಿಭತ್ಯೆಯ ಸಾಲೊಂದಿರುತ್ತದೆ. ಕೇಂದ್ರ ಸರ್ಕಾರದ ಎಲ್ಲ ನೌಕರರಿಗೆ ಆಗುವಂತೆ ಜನವರಿ ಮತ್ತು ಜುಲೈ ತಿಂಗಳಿಗೆ ಅದರ ಪರಿಷ್ಕರಣೆ ಆಗುತ್ತದೆ. ಆ ಶೇಕಡಾವಾರು ಬರುವುದು ಲೇಬರ್ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದಿಂದ. 2016ನ್ನು ಮೂಲವರ್ಷವಾಗಿ ಇಟ್ಟುಕೊಂಡ ಈಗಿನ ಸೂಚ್ಯಂಕಕ್ಕೆ ದೇಶದಲ್ಲಿ 88 ಕೇಂದ್ರಗಳಿವೆ. ಅವುಗಳಲ್ಲಿ ಒಂದು ಕೂನೂರು, ಅರವಂಕಾಡಿನಿಂದ ಬೆಟ್ಟದ ರೈಲಿನಲ್ಲಿ ಕೆಲವೇ ಕಿಲೋಮೀಟರ್ ಕೆಳಗಿರುವ ಊರು. ಕೂನೂರು ಪಟ್ಟಿಗೆ ಸೇರಿದ್ದು ಚಹಾ ತೋಟದ ಕಾರ್ಮಿಕರ ಕೇಂದ್ರವಾಗಿ. ಎಸ್ಟೇಟಿನ ಲೈನ್ ಮನೆಯಲ್ಲಿ ಅಕ್ಕಿ, ಎಣ್ಣೆ, ಸೀರೆ, ಮಕ್ಕಳ ಶುಲ್ಕಕ್ಕೆ ಎಷ್ಟೆಷ್ಟು ಹೋಗುತ್ತದೆ ಎಂಬುದು, ಸಣ್ಣ ಪಾಲಾಗಿಯಾದರೂ, ಸಿಡಿಮದ್ದಿನ ಕಾರ್ಖಾನೆಯ ನೌಕರನ ಸಂಬಳದಲ್ಲಿ ಸೇರಿರುತ್ತದೆ.

ಈ ಸೂಚ್ಯಂಕದ ತೂಕಗಳನ್ನು ಕಂಡುಹಿಡಿಯಲು ಬ್ಯೂರೋ ನಡೆಸುವ ಸಮೀಕ್ಷೆಗೆ ಕಾರ್ಮಿಕ ವರ್ಗದ ಕುಟುಂಬಗಳ ಆದಾಯ ಮತ್ತು ಖರ್ಚಿನ ಸಮೀಕ್ಷೆ ಎಂದು ಹೆಸರು. 1958–59ರಲ್ಲಿ 50 ಕೇಂದ್ರಗಳಲ್ಲಿ ನಡೆಯಿತು. ಆಗ ಕನ್ನಡ ನಾಡಿನಿಂದ ಬೆಂಗಳೂರು, ಚಿಕ್ಕಮಗಳೂರು, ಕೊಡಗಿನ ಅಮ್ಮತ್ತಿ, ಕೋಲಾರದ ಚಿನ್ನದ ಗಣಿ ಸೇರಿದ್ದವು. 1981–82ರಲ್ಲಿ 70 ಕೇಂದ್ರ, 1999–2000ದಲ್ಲಿ 78, ಕೊನೆಯದರಲ್ಲಿ 88 ಕೇಂದ್ರಗಳ 48,384 ಕುಟುಂಬ. ಯಾವ ಮನೆ ಇದರೊಳಗೆ ಬರಬೇಕು ಎಂಬುದಕ್ಕೇ ಆದಾಯದ ಪ್ರಶ್ನೆ ಬೇಕು: ಮನೆಯ ಗಳಿಕೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಕಾರ್ಖಾನೆ, ಗಣಿ, ತೋಟ, ರೈಲ್ವೆಯಂಥ ಏಳು ವಲಯಗಳ ಮೈಕೈ ದುಡಿಮೆಯಿಂದ ಬಂದಿರಬೇಕು. ಖರ್ಚು ತಿಳಿಯಹೊರಟವರು ಬಾಗಿಲಲ್ಲೇ ಗಳಿಕೆಯನ್ನು ಕೇಳಬೇಕಾಯಿತು. ಎರಡನ್ನೂ ಒಂದೇ ಮನೆಯಲ್ಲಿ ಕೇಳುವುದು ಅಸಾಧ್ಯ ಎನ್ನುವವರಿಗೆ ಕೂನೂರಿನ ತೋಟಗಳೇ ಉತ್ತರ ಕೊಟ್ಟು ಅರವತ್ತು ವರ್ಷ ದಾಟಿದೆ.

ಇದರ ಬೇರಿನಲ್ಲಿ ಕರಾವಳಿಯವರೊಬ್ಬರ ಹೆಸರಿದೆ. 1940ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಕಾರ್ಮಿಕರು ಯುದ್ಧಕಾಲದ ತುಟ್ಟಿಭತ್ಯೆ ಕೇಳಿದಾಗ ವಿಚಾರಣೆಗೆ ಕುಳಿತವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್, ಮುಂದೆ ಸಂವಿಧಾನ ರಚನಾಸಭೆಗೆ ಸಲಹೆಗಾರರಾದವರು. ಬದುಕಿನ ವೆಚ್ಚ ಎಷ್ಟು ಏರಿದೆ ಎಂದು ಹೇಳಲು ದೇಶಕ್ಕೆಲ್ಲ ಒಪ್ಪುವ ಅಂಕಿಗಳೇ ಇಲ್ಲವೆಂಬುದು ಆ ವಿಚಾರಣೆಯಲ್ಲಿ ಎದ್ದು ಕಂಡಿತು. 1943–45ರ ಕುಟುಂಬ ಬಜೆಟ್ ವಿಚಾರಣೆಗಳು ಅದರ ಫಲ. ಕೂಲಿಯ ನ್ಯಾಯ ತೀರ್ಮಾನವಾಗಬೇಕಾದರೆ ಮನೆಯ ಎರಡೂ ಕೈ ಕಾಣಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದು.

ಹೀಗಿದ್ದೂ ದೇಶದ ದೊಡ್ಡ ಲೆಕ್ಕ ಒಡೆದುಹೋಗಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಗೃಹ ಬಳಕೆ ಖರ್ಚಿನ ಸಮೀಕ್ಷೆ 2022–23ರಲ್ಲಿ 2,61,746 ಮನೆಗಳಿಗೆ ಹೋಗಿ 405 ಬಾಬುಗಳ ಖರ್ಚು ಕೇಳಿತು. ಹಳ್ಳಿಯಲ್ಲಿ ತಲಾ ಮಾಸಿಕ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459 ಎಂದು ಅದು ಹೇಳಿತು. ಆ ಮನೆಗಳು ಎಷ್ಟು ಗಳಿಸಿದವೆಂದು ಕೇಳಲಿಲ್ಲ. 2017ರಲ್ಲಿ ಶುರುವಾದ ಶ್ರಮಶಕ್ತಿ ಸಮೀಕ್ಷೆ ಸಂಬಳ, ದಿನಗೂಲಿ, ಸ್ವಂತ ಉದ್ಯೋಗದ ಗಳಿಕೆ ಕೇಳುತ್ತದೆ. ಆದರೆ ಅದು ಬೇರೆ ಮನೆಗಳಲ್ಲಿ. ಅದರಲ್ಲಿ ಪಿಂಚಣಿ, ಬಡ್ಡಿ, ಬಾಡಿಗೆ, ಮಗಳು ಊರಿಗೆ ಕಳಿಸುವ ಹಣದ ಪೂರ್ತಿ ಲೆಕ್ಕವಿಲ್ಲ. ಕೃಷಿ ಕುಟುಂಬಗಳ ಸ್ಥಿತಿಗತಿ ಸಮೀಕ್ಷೆ ಆದಾಯ ಕೇಳುತ್ತದೆ, ಆದರೆ ರೈತರ ಮನೆಗಳಿಗೆ ಮಾತ್ರ, ಅದೂ ಹಲವು ವರ್ಷಕ್ಕೊಮ್ಮೆ. ಮೂರು ಸಮೀಕ್ಷೆಗಳೂ ತಮ್ಮ ತಮ್ಮ ಮಟ್ಟಿಗೆ ಗಟ್ಟಿ ಕೆಲಸಗಳೇ. ಆದರೆ ಗಳಿಕೆಯ ಅಂಕಿ ಒಂದು ಮನೆಯದು, ಖರ್ಚಿನ ಅಂಕಿ ಇನ್ನೊಂದು ಮನೆಯದು ಆದಾಗ, ಯಾವ ಮನೆ ಸಾಲದಲ್ಲಿ ಉಣ್ಣುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದು ಕಣ್ಣಿಗೆ ಬಿದ್ದ ಒಂದು ಸಂದರ್ಭವಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2012–13ರ ಕೃಷಿ ಕುಟುಂಬಗಳ ಸಮೀಕ್ಷೆ ಒಂದೇ ಮನೆಯಲ್ಲಿ ಗಳಿಕೆಯನ್ನೂ ಬಳಕೆ ಖರ್ಚನ್ನೂ ಬರೆದುಕೊಂಡಿತು. ದೇಶದ ಸರಾಸರಿಯಲ್ಲಿ ಕೃಷಿ ಕುಟುಂಬದ ತಿಂಗಳ ಆದಾಯ 6,426 ರೂಪಾಯಿ, ಖರ್ಚು 6,223. ಹೇಗೋ ಸರಿತೂಗಿದೆ ಅನ್ನಿಸುತ್ತದೆ. ಆದರೆ ಅದೇ ಅಂಕಿಯನ್ನು ಹಿಡುವಳಿಯ ಅಳತೆಗೆ ತಕ್ಕಂತೆ ಬಿಡಿಸಿದಾಗ ಬೇರೆ ಚಿತ್ರ ಬಂತು. 0.01ರಿಂದ 0.40 ಹೆಕ್ಟೇರ್ ಇದ್ದವರ ಆದಾಯ 4,152, ಖರ್ಚು 5,401. 0.41ರಿಂದ 1 ಹೆಕ್ಟೇರ್ ಇದ್ದವರ ಆದಾಯ 5,247, ಖರ್ಚು 6,020. ಒಂದು ಹೆಕ್ಟೇರ್ ದಾಟಿದ ಮೇಲಷ್ಟೇ ಗಳಿಕೆ ಖರ್ಚಿಗಿಂತ ಮೇಲೇರಿತು: 7,348 ಮತ್ತು 6,457. ಹತ್ತು ಹೆಕ್ಟೇರ್ ಮೀರಿದವರಲ್ಲಿ 41,388 ಗಳಿಕೆಗೆ 14,447 ಖರ್ಚು. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 52ರಷ್ಟು ಕೃಷಿ ಕುಟುಂಬಗಳ ಮೇಲೆ ಸಾಲವಿತ್ತು, ಸರಾಸರಿ 47,000 ರೂಪಾಯಿ. ಎರಡು ಬೇರೆ ಸಮೀಕ್ಷೆಗಳ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ಈ ಗಡಿರೇಖೆ ಸಿಗುತ್ತಿರಲಿಲ್ಲ. ಕೊರತೆಯ ಒಂದಿಷ್ಟು ಭಾಗ ಆದಾಯವನ್ನು ಕಡಿಮೆ ಹೇಳಿದ್ದರಿಂದಲೂ ಆಗಿರಬಹುದು, ಅಲ್ಲಗಳೆಯುವಂತಿಲ್ಲ. ಆದರೆ ಆ ಅನುಮಾನವನ್ನು ಪರೀಕ್ಷಿಸಲೂ ಎರಡೂ ಅಂಕಿ ಒಂದೇ ಮನೆಯವಾಗಿರಬೇಕು.

ನೀಲಗಿರಿಯ ಮಟ್ಟಿಗೆ ಈ ಒಂದು ಹೆಕ್ಟೇರಿನ ಗಡಿ ದೂರದ ಮಾತಲ್ಲ. ಜಗತಳದಿಂದ ಕೋತಗಿರಿಯವರೆಗಿನ ಬಡಗರ ಹಟ್ಟಿಗಳಲ್ಲಿ ಚಹಾ ಬೆಳೆಯುವ ಸಣ್ಣ ಹಿಡುವಳಿದಾರರಲ್ಲಿ ಬಹುಪಾಲು ಮಂದಿ ಆ ಗಡಿಯ ಕೆಳಗೇ ಇದ್ದಾರೆ. ಹಸಿ ಎಲೆಯ ಬೆಲೆ ಅವರ ಕೈಯಲ್ಲಿಲ್ಲ. 2003ರ ಚಹಾ ಮಾರುಕಟ್ಟೆ ನಿಯಂತ್ರಣ ಆದೇಶದ ಬಳಿಕ ಪುಡಿಯ ಮಾರಾಟದ ಹಣದಲ್ಲಿ ಬೆಳೆಗಾರನ ಪಾಲು ಎಷ್ಟು, ಕಾರ್ಖಾನೆಯ ಪಾಲು ಎಷ್ಟು ಎಂಬ ಸೂತ್ರವಿದೆ, ಚಹಾ ಮಂಡಳಿ ತಿಂಗಳಿಗೊಮ್ಮೆ ಬೆಲೆ ಹೇಳುತ್ತದೆ. ಆ ಬೆಲೆಗೆ ಮನೆ ನಡೆಯುತ್ತದೆಯೇ ಎಂದು ವರ್ಷಗಳಿಂದ ಹೋರಾಟ ನಡೆದಿದೆ. ಆದರೆ ಚಳವಳಿಗೂ ಅಧಿಕಾರಿಗೂ ನಡುವೆ ಇಡಲು ಬೇಕಾದ ಒಂದು ದಾಖಲೆ, ಅಂದರೆ ಸಣ್ಣ ಬೆಳೆಗಾರನ ಮನೆಯ ವರ್ಷದ ಗಳಿಕೆ ಮತ್ತು ಖರ್ಚು ಒಟ್ಟಿಗೆ, ನಮ್ಮ ಅಂಕಿಅಂಶದ ವ್ಯವಸ್ಥೆಯಲ್ಲಿ ನಿಯಮಿತವಾಗಿ ತಯಾರಾಗುತ್ತಿಲ್ಲ. ಕೂನೂರಿನ ಸೂಚ್ಯಂಕ ತೋಟದ ಕೂಲಿಯನ್ನು ಎಣಿಸುತ್ತದೆ. ಪಕ್ಕದ ಅರ್ಧ ಎಕರೆಯ ಒಡೆಯ, ತಾನೂ ಎಲೆ ಕೀಳುವವನು, ಅದರ ಹೊರಗೆ.

ಹಾಗಾದರೆ ಇಷ್ಟು ದಿನ ಯಾಕೆ ಕೂಡಿಸಲಿಲ್ಲ? ಪ್ರಯತ್ನ ಆಗಿತ್ತು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕಟ್ಟಿದ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾದ ಕೆಲವೇ ವರ್ಷಗಳಲ್ಲಿ, 9 ಮತ್ತು 14ನೆಯ ಸುತ್ತುಗಳಲ್ಲಿ, ಖರ್ಚಿನ ಜೊತೆಗೆ ಆದಾಯವನ್ನೂ ಕೇಳಿ ನೋಡಲಾಯಿತು. 1964–65ರ 19ನೆಯ ಸುತ್ತಿನಲ್ಲೂ 1969–70ರ 24ನೆಯ ಸುತ್ತಿನಲ್ಲೂ ಎರಡನ್ನೂ ಸೇರಿಸಿದ ಸಮೀಕ್ಷೆ ನಡೆಯಿತು. ಪ್ರತಿ ಸಲವೂ ಒಂದೇ ತೊಡಕು: ಜನ ಹೇಳಿದ ಆದಾಯ, ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂತು. 1980ರ ದಶಕದಲ್ಲಿ ಪ್ರಾಯೋಗಿಕ ಅಧ್ಯಯನವೊಂದು ನಡೆದು ಅದೂ ಮುಂದುವರಿಯಲಿಲ್ಲ. ಆದಾಯದ ಪ್ರಶ್ನೆಯನ್ನೇ ಬದಿಗಿಟ್ಟು ದೇಶ ಬಡತನವನ್ನು ಖರ್ಚಿನಿಂದಲೇ ಅಳೆಯುತ್ತಾ ಬಂತು. ಅಂದಿನ ಸಂಖ್ಯಾಶಾಸ್ತ್ರಜ್ಞರ ಎಚ್ಚರಿಕೆ ಅರ್ಥವಾಗುತ್ತದೆ. ಆದರೆ ಅಂಕಿ ಕೂಡಿಬರಲಿಲ್ಲವೆಂದು ಪ್ರಶ್ನೆಯನ್ನೇ ಕೈಬಿಟ್ಟದ್ದು ತಪ್ಪು ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಕೂಡಿಬರಲಿಲ್ಲ ಎಂಬುದನ್ನು ಹುಡುಕಿದ್ದರೆ ಐವತ್ತು ವರ್ಷಗಳ ಅನುಭವ ಇಂದು ನಮ್ಮ ಕೈಯಲ್ಲಿರುತ್ತಿತ್ತು.

ಯಾಕೆ ಕೂಡಿಬರುವುದಿಲ್ಲ ಎಂಬುದಕ್ಕೆ ಈ ಬೆಟ್ಟದ ಒಂದು ಮನೆಯನ್ನು ಊಹಿಸಿಕೊಂಡರೆ ಸಾಕು. ಅಜ್ಜ ಕಾರ್ಖಾನೆಯಿಂದ ನಿವೃತ್ತರು, ಪಿಂಚಣಿ ಬರುತ್ತದೆ. ಅಪ್ಪ ಅಮ್ಮ ಮುಕ್ಕಾಲು ಎಕರೆ ಚಹಾ ನೋಡಿಕೊಳ್ಳುತ್ತಾರೆ, ಒಂದು ತುಂಡಿನಲ್ಲಿ ಕ್ಯಾರೆಟ್ಟು, ಬೆಳ್ಳುಳ್ಳಿ. ಮಗ ಊಟಿಯಲ್ಲಿ ಪ್ರವಾಸಿಗರ ವ್ಯಾನು ಓಡಿಸುತ್ತಾನೆ. ಮಗಳು ಬೆಂಗಳೂರಿನ ಕಂಪನಿಯಲ್ಲಿದ್ದಾಳೆ, ತಿಂಗಳಿಗಿಷ್ಟು ಕಳಿಸುತ್ತಾಳೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಸಮೀಕ್ಷೆ ಎಣಿಸುತ್ತದೆ. ಮಗಳು ಅದರ ಹೊರಗೆ, ಅವಳ ಹಣ ಒಳಗೆ. ಎಲೆಯ ಹಣ ಏಪ್ರಿಲ್‌ನಿಂದ ಜೂನ್, ಮತ್ತೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೈಗೆ ಬರುತ್ತದೆ. ಡಿಸೆಂಬರ್ ಕಳೆದು ಹಿಮ ಬಿದ್ದರೆ ಗಿಡ ಕರಕಲು. ಬಡಗರ ಹೆತ್ತೆ ಹಬ್ಬ ಬರುವುದೂ ಚಳಿಯ ಆ ದಿನಗಳಲ್ಲೇ. ಶಾಲೆಯ ಶುಲ್ಕ ಜೂನಿನಲ್ಲಿ. ತರಕಾರಿಗೆ ಬೀಜ ಗೊಬ್ಬರಕ್ಕೆಂದು ಮೇಟುಪಾಳ್ಯದ ಮಂಡಿಯಿಂದ ಮುಂಗಡ ಪಡೆದಿದ್ದರೆ, ಮಾಲು ಮಾರಿದ ದಿನ ಅದು ಕಳೆದು ಉಳಿದದ್ದಷ್ಟೇ ಕೈಗೆ ಬರುತ್ತದೆ. ಮುಂಗಡ ಸಾಲವೋ ಆದಾಯವೋ? ಕಳೆದುಕೊಂಡದ್ದು ಕೃಷಿ ಖರ್ಚೋ ಸಾಲದ ಮರುಪಾವತಿಯೋ? ಮನೆಯವರಿಗೇ ಇದು ಬಿಡಿಬಿಡಿಯಾಗಿ ಗೊತ್ತಿರುವುದಿಲ್ಲ.

ಈಗಿನ ಶ್ರಮಶಕ್ತಿ ಸಮೀಕ್ಷೆ ಸ್ವಂತ ದುಡಿಮೆಯವರಿಗೆ ಕೇಳುವುದು ಕಳೆದ 30 ದಿನಗಳ ಗಳಿಕೆಯನ್ನು. ಈ ಮನೆಗೆ ಮೇ ತಿಂಗಳಲ್ಲಿ ಹೋದರೆ ಒಂದು ಉತ್ತರ, ಜನವರಿಯಲ್ಲಿ ಹೋದರೆ ಇನ್ನೊಂದು. ಸಾವಿರಾರು ಮನೆಗಳ ಸರಾಸರಿಯಲ್ಲಿ ಇದು ಸರಿಹೋಗಬಹುದು, ಒಂದು ಮನೆಯ ಬಾಳನ್ನು ಅರಿಯಲು ಸಾಲದು. ಖರ್ಚಿನ ಸಮೀಕ್ಷೆಯಲ್ಲಿ ತರಕಾರಿ, ಮೀನು ಮಾಂಸಕ್ಕೆ 7 ದಿನ, ಅಕ್ಕಿ ಬೇಳೆಗೆ 30 ದಿನ, ಬಟ್ಟೆ, ಶಿಕ್ಷಣ, ಆಸ್ಪತ್ರೆ ದಾಖಲಾತಿಗೆ 365 ದಿನದ ನೆನಪು ಕೇಳುತ್ತಾರೆ. ಆದಾಯವನ್ನು ಇದರ ಪಕ್ಕಕ್ಕೆ ತರಬೇಕಾದರೆ ವರ್ಷದ ಚೌಕಟ್ಟೇ ಬೇಕು.

ಇನ್ನು ಹಣವಾಗಿ ಬಾರದ ಗಳಿಕೆ. ಎಸ್ಟೇಟಿನ ಮನೆ, ಸೌದೆ, ಶಿಶುಗೃಹ. ತಮಿಳುನಾಡಿನ ನ್ಯಾಯಬೆಲೆ ಅಂಗಡಿಯ ಉಚಿತ ಅಕ್ಕಿ. ಗೂಡಲೂರಿನ ಪಣಿಯರು, ಕುರುಂಬರು ಕಾಡಿನಿಂದ ತರುವ ಜೇನು, ಗೆಣಸು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹಸುವಿನ ಹಾಲಿಗಿಂತ ಅದರ ಗೊಬ್ಬರವನ್ನೇ ಕಾಫಿ ತೋಟಗಳಿಗೆ ಮಾರಿ ಬದುಕಿದ ಮನೆಗಳಿವೆ. 2023ರಿಂದ ತಮಿಳುನಾಡಿನ ಅರ್ಹ ಮಹಿಳೆಯರಿಗೆ ತಿಂಗಳಿಗೆ 1,000 ರೂಪಾಯಿ, ಕರ್ನಾಟಕದ ಗೃಹಲಕ್ಷ್ಮಿಯರಿಗೆ 2,000 ಬರುತ್ತಿದೆ. ಖರ್ಚಿನ ಸಮೀಕ್ಷೆಯಲ್ಲಿ ಈ ಹಣ ಅಕ್ಕಿಯಾಗಿಯೋ ಔಷಧಿಯಾಗಿಯೋ ಕರಗಿಹೋಗುತ್ತದೆ, ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಆದಾಯವನ್ನಷ್ಟೇ ಕೇಳಿದರೆ ಬಂದದ್ದು ಗೊತ್ತಾಗುತ್ತದೆ, ಹೋದ ದಾರಿ ಗೊತ್ತಾಗುವುದಿಲ್ಲ. ಎರಡು ರಾಜ್ಯಗಳೂ ಸಾವಿರಾರು ಕೋಟಿ ಸುರಿಯುತ್ತಿರುವ ಯೋಜನೆಗಳ ಫಲ ತಿಳಿಯಲು ಒಂದೇ ಮನೆಯ ಎರಡೂ ಬದಿ ಬೇಕೇಬೇಕು.

ಕೇಳುವ ರೀತಿ ಉತ್ತರವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ 2018–19ರ ಕೃಷಿ ಸಮೀಕ್ಷೆ ಸಾಕ್ಷಿ. ಮೊದಲು ಬೇರೆಬೇರೆಯಾಗಿದ್ದ ಭೂಮಿ–ಜಾನುವಾರು ಹಿಡುವಳಿ ಸಮೀಕ್ಷೆ ಮತ್ತು ಕೃಷಿ ಕುಟುಂಬಗಳ ಸ್ಥಿತಿಗತಿ ಸಮೀಕ್ಷೆಗಳನ್ನು ಆ 77ನೆಯ ಸುತ್ತಿನಲ್ಲಿ ಒಂದೇ ಪ್ರಶ್ನಾವಳಿಯಾಗಿ ಕೂಡಿಸಿ, ಪ್ರತಿ ಮನೆಗೂ ಎರಡು ಸಲ ಹೋದರು. ಕೃಷಿ ಕುಟುಂಬದ ತಿಂಗಳ ಆದಾಯ 10,218 ರೂಪಾಯಿ ಎಂದು ಬಂತು. ಅದರಲ್ಲಿ ಕೂಲಿ ಸಂಬಳದ್ದು 4,063, ಬೆಳೆಯದ್ದು 3,798. ರೈತನ ಮನೆಯಲ್ಲೂ ಹೊಲಕ್ಕಿಂತ ಕೂಲಿಯೇ ಮೇಲು. ಮನೆಯವರ ದುಡಿಮೆ, ಮನೆಯದೇ ಬೀಜ ಗೊಬ್ಬರಕ್ಕೂ ಬೆಲೆ ಕಟ್ಟಿ ಕಳೆದಾಗ ಅದೇ 10,218 ಎಂಬುದು 8,337ಕ್ಕೆ ಇಳಿಯಿತು. ಎರಡೂ ಸರಿ, ಎರಡನ್ನೂ ಪ್ರಕಟಿಸಿದ್ದು ಇನ್ನೂ ಸರಿ.

ಕೂಡಿಸುವಾಗ ಎಡವಿದ್ದೂ ಇದೆ. 1999–2000ದ 55ನೆಯ ಸುತ್ತಿನಲ್ಲಿ ಆಹಾರದ ಖರ್ಚನ್ನು 7 ದಿನಕ್ಕೂ 30 ದಿನಕ್ಕೂ ಪಕ್ಕಪಕ್ಕದ ಅಂಕಣಗಳಲ್ಲಿ ಕೇಳಿದರು. ಒಂದು ಉತ್ತರ ಇನ್ನೊಂದಕ್ಕೆ ಹೊಂದುವಂತೆ ಜನ ಹೇಳಿದರೋ, ಸಿಬ್ಬಂದಿ ಹೊಂದಿಸಿಕೊಂಡರೋ, ಅಂತೂ ಎರಡೂ ಕಲುಷಿತವಾದವು. 1993–94ರಲ್ಲಿ ಶೇ 36ರಷ್ಟಿದ್ದ ಬಡತನ ಶೇ 26ಕ್ಕೆ ಇಳಿಯಿತೆಂಬ ಅಧಿಕೃತ ಅಂಕಿಯ ಸುತ್ತ ಹುಟ್ಟಿದ ವಾದ ವರ್ಷಗಟ್ಟಲೆ ನಡೆಯಿತು. ಆದಾಯ ಮತ್ತು ಖರ್ಚನ್ನು ಒಂದೇ ಭೇಟಿಯಲ್ಲಿ, ಒಂದರ ಕೆಳಗೊಂದು ಕೇಳಿದರೆ ಇದೇ ಅಪಾಯ ಮರುಕಳಿಸುತ್ತದೆ. ಇಷ್ಟು ಖರ್ಚು ಹೇಳಿದ್ದೇನೆ, ಆದಾಯ ಅಷ್ಟಾದರೂ ಹೇಳಬೇಕಲ್ಲ ಎಂದು ಮನೆಯೊಡತಿ ಯೋಚಿಸಿದ ಕ್ಷಣಕ್ಕೆ ಎರಡು ಅಂಕಿ ಒಂದಾಗಿಬಿಡುತ್ತವೆ.

ಹೊರಗಿನವರಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಶ್ರೀಲಂಕಾದ ಮಾದರಿ. ಅಲ್ಲಿನ ಜನಗಣತಿ ಮತ್ತು ಅಂಕಿಅಂಶ ಇಲಾಖೆ ಕುಟುಂಬಗಳ ಆದಾಯ ಮತ್ತು ಖರ್ಚನ್ನು ಒಂದೇ ಸಮೀಕ್ಷೆಯಲ್ಲಿ ಕೇಳುತ್ತಾ ಬಂದಿದೆ. ಪಟ್ಟಣ, ಹಳ್ಳಿ ಎಂಬ ಎರಡು ವಿಂಗಡಣೆಯ ಜೊತೆಗೆ ಎಸ್ಟೇಟ್ ಎಂಬ ಮೂರನೆಯದನ್ನೂ ಅದು ಇಟ್ಟುಕೊಂಡಿದೆ, ಹಾಗಾಗಿ ಚಹಾ ತೋಟದ ಕುಟುಂಬಗಳ ಸ್ಥಿತಿ ಬೇರೆಯಾಗಿ ಕಾಣುತ್ತದೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಅದೇ ತೋಟಗಳಿಂದ ಭಾರತಕ್ಕೆ ಮರಳಿ ಬಂದವರಿಗೆ ಗೂಡಲೂರು, ಕೋತಗಿರಿ, ಕೂನೂರಿನ ಸುತ್ತ ನೆಲೆ ಕೊಡಲೆಂದೇ ಸರ್ಕಾರಿ ಚಹಾ ತೋಟಗಳು ಎದ್ದವು. ದ್ವೀಪದಲ್ಲಿ ಉಳಿದ ಬಂಧುಗಳ ಬದುಕು ಅಂಕಿಯಲ್ಲಿದೆ. ಇಲ್ಲಿಗೆ ಬಂದವರದು ಗ್ರಾಮೀಣ ತಮಿಳುನಾಡು ಎಂಬ ದೊಡ್ಡ ಸರಾಸರಿಯೊಳಗೆ ಮುಳುಗಿದೆ. ಇದು ನನಗೆ ತುಂಬ ನೋವಿನ ವಿಷಯ.

ಬ್ರಿಟನ್ನಿನಲ್ಲಿ 1957ರಿಂದ ನಡೆದಿದ್ದ ಕುಟುಂಬ ಖರ್ಚಿನ ಸಮೀಕ್ಷೆಯನ್ನೂ 1940ರಿಂದ ಇದ್ದ ಆಹಾರ ಸಮೀಕ್ಷೆಯನ್ನೂ 2001ರಲ್ಲಿ ಒಂದಾಗಿಸಿದರು. ಮನೆಯ ದೊಡ್ಡವರು ಒಬ್ಬೊಬ್ಬರೂ ಎರಡು ವಾರ ಡೈರಿ ಬರೆಯುತ್ತಾರೆ, ಆದಾಯವನ್ನು ಪ್ರತ್ಯೇಕ ಸಂದರ್ಶನದಲ್ಲಿ ಕೇಳುತ್ತಾರೆ. ಬಾಂಗ್ಲಾದೇಶವೂ ಎರಡನ್ನೂ ಜೊತೆಗೆ ಕೇಳುತ್ತದೆ. ನಮ್ಮಲ್ಲಿ ಸರ್ಕಾರದ ಸಾಂಖ್ಯಿಕ ಕಚೇರಿಯ ಹೊರಗೆ ಇದನ್ನು ಮಾಡಿದವರಿದ್ದಾರೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ 2004–05ರಲ್ಲಿ 41,554 ಮನೆಗಳಲ್ಲಿ, 2011–12ರಲ್ಲಿ ಬಹುಪಾಲು ಅವೇ ಮನೆಗಳಿಗೆ ಮರಳಿ ಹೋಗಿ ಎರಡನ್ನೂ ಕೇಳಿದವು. ಖರ್ಚಿನಲ್ಲಿ ಕಾಣುವುದಕ್ಕಿಂತ ಆದಾಯದಲ್ಲಿ ಅಸಮಾನತೆ ಬಹಳ ಹೆಚ್ಚು ಎಂದು ಆ ಸಮೀಕ್ಷೆ ತೋರಿಸಿತು. ನಬಾರ್ಡ್ ತನ್ನ ಸಮೀಕ್ಷೆಯಲ್ಲಿ 2016–17ರಲ್ಲಿ ಗ್ರಾಮೀಣ ಕುಟುಂಬದ ತಿಂಗಳ ಆದಾಯ 8,059, ಖರ್ಚು 6,646 ಎಂದೂ 2021–22ರಲ್ಲಿ 12,698 ಮತ್ತು 11,262 ಎಂದೂ ಹೇಳಿತು. ಗಳಿಕೆ ಏರಿದೆ, ಕೈಯಲ್ಲಿ ಉಳಿಯುವ ಪಾಲು ಕುಗ್ಗಿದೆ. ಇಂಥ ಒಂದು ವಾಕ್ಯವನ್ನು ನಮ್ಮ ದೊಡ್ಡ ಸಮೀಕ್ಷೆಗಳು ಇಂದು ಹೇಳಲಾರವು.

ಕೊನೆಗೂ ಕೇಂದ್ರದ ಅಂಕಿಅಂಶ ಸಚಿವಾಲಯ 2026ರಲ್ಲಿ ರಾಷ್ಟ್ರೀಯ ಕುಟುಂಬ ಆದಾಯ ಸಮೀಕ್ಷೆ ನಡೆಸುವುದಾಗಿ ಪ್ರಕಟಿಸಿ, ಅರ್ಥಶಾಸ್ತ್ರಜ್ಞ ಸುರ್ಜಿತ್ ಭಲ್ಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಗುಂಪು ರಚಿಸಿತು. 2025ರ ಆಗಸ್ಟ್‌ನಲ್ಲಿ ಪ್ರಶ್ನಾವಳಿಯನ್ನು ಕೆಲವು ಮನೆಗಳಲ್ಲಿ ಪರೀಕ್ಷಿಸಿದಾಗ ಶೇ 95ರಷ್ಟು ಮಂದಿ ಇದು ಸೂಕ್ಷ್ಮ ಮಾಹಿತಿ ಎಂದರು, ಆದಾಯ ತೆರಿಗೆಯ ಪ್ರಶ್ನೆಗೆ ಉತ್ತರಿಸಲು ಬಹುತೇಕ ಎಲ್ಲರೂ ಹಿಂಜರಿದರು. ಇದು ಸಹಜ. ವಿದ್ಯಾರ್ಥಿವೇತನಕ್ಕೆ, ಪಡಿತರ ಚೀಟಿಗೆ ಮನೆಯ ಆದಾಯ ಇಷ್ಟೇ ಎಂದು ತಹಶೀಲ್ದಾರರಿಂದ ಪ್ರಮಾಣಪತ್ರ ಪಡೆದವರು ಸಮೀಕ್ಷೆಯವರ ಮುಂದೆ ಬೇರೆ ಅಂಕಿ ಹೇಳಲು ಹೆದರುತ್ತಾರೆ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ ಈ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕಲ್ಲದೆ ಬೇರೆಗೆ ಬಳಸುವಂತಿಲ್ಲ. ಬಾಗಿಲಲ್ಲಿ ನಿಂತು ಆ ಮಾತನ್ನು ಜನರ ಭಾಷೆಯಲ್ಲಿ ಹೇಳುವವರು ಬೇಕು. ನೀಲಗಿರಿಯಲ್ಲಿ ಜನರ ಭಾಷೆ ಎಂದರೆ ತಮಿಳು ಮಾತ್ರವಲ್ಲ: ಹಟ್ಟಿಯಲ್ಲಿ ಬಡಗ, ಮಸಿನಗುಡಿಯ ಹಲವು ಮನೆಗಳಲ್ಲಿ ಕನ್ನಡ, ಗೂಡಲೂರಿನಲ್ಲಿ ಮಲಯಾಳ.

ಆದಾಯಕ್ಕೆಂದೇ ಮತ್ತೊಂದು ಒಂಟಿ ಸಮೀಕ್ಷೆ ಹುಟ್ಟಿದರೆ ಹಳೆಯ ಒಡಕು ಇನ್ನಷ್ಟು ದೊಡ್ಡದಾಗುತ್ತದೆ. ಖರ್ಚಿನ ಸಮೀಕ್ಷೆಯ ಸಿಬ್ಬಂದಿ ಈಗಾಗಲೇ ಒಂದೇ ಮನೆಗೆ ಮೂರು ತಿಂಗಳಲ್ಲಿ ಮೂರು ಸಲ ಹೋಗುತ್ತಾರೆ: ಒಮ್ಮೆ ಆಹಾರಕ್ಕೆ, ಒಮ್ಮೆ ಬಳಕೆ ವಸ್ತು ಮತ್ತು ಸೇವೆಗಳಿಗೆ, ಒಮ್ಮೆ ಬಾಳಿಕೆಯ ವಸ್ತುಗಳಿಗೆ. ಆ ಮನೆಗಳಲ್ಲಿ ಒಂದು ಭಾಗವನ್ನಾದರೂ ಆರಿಸಿ, ಆದಾಯಕ್ಕೆಂದು ಬೇರೆ ಋತುವಿನ ಎರಡು ಭೇಟಿಗಳನ್ನು ಸೇರಿಸಬೇಕು. ಗಳಿಸುವವರನ್ನೇ ಒಬ್ಬೊಬ್ಬರಾಗಿ ಕೇಳಬೇಕು, ಯಜಮಾನನ ಒಂದು ಮೊತ್ತಕ್ಕೆ ತೃಪ್ತರಾಗಬಾರದು. ಗಳಿಕೆ ಮತ್ತು ಖರ್ಚು ತಾಳೆಯಾಗದಿದ್ದರೆ ತಿದ್ದಬಾರದು. ಅಂತರವನ್ನು ಹಾಗೇ ಪ್ರಕಟಿಸಬೇಕು. ಉಳಿದ ಮನೆಗಳಲ್ಲಿ ಖರ್ಚಿನ ಪ್ರಶ್ನೆಗಳು ಈಗಿನಂತೆಯೇ ಮುಂದುವರಿಯಬೇಕು, ಇಲ್ಲದಿದ್ದರೆ ಹಿಂದಿನ ವರ್ಷಗಳೊಡನೆ ಹೋಲಿಕೆ ಕಡಿದುಹೋಗುತ್ತದೆ. 2017–18ರ ಖರ್ಚಿನ ವರದಿಯನ್ನು ಗುಣಮಟ್ಟದ ಕಾರಣ ಕೊಟ್ಟು ತಡೆಹಿಡಿದಾಗ 2011–12ರಿಂದ 2022–23ರವರೆಗೆ ಹನ್ನೊಂದು ವರ್ಷ ದೇಶ ಕುರುಡಾಗಿತ್ತು. ಅಂಥದ್ದು ಮತ್ತೆ ಆಗಬಾರದು. ನೀಲಗಿರಿ, ಕೊಡಗು, ಚಿಕ್ಕಮಗಳೂರು, ವಯನಾಡಿನ ತೋಟದ ಕುಟುಂಬಗಳನ್ನೂ ಸಣ್ಣ ಬೆಳೆಗಾರರನ್ನೂ ಮಾದರಿಯಲ್ಲಿ ಬೇರೆ ವರ್ಗವಾಗಿ ಇಡಬೇಕು.

ಸಮೀಕ್ಷೆಯವರು ನಿಮ್ಮ ಮನೆಗೂ ಬರಬಹುದು. ಗುರುತಿನ ಚೀಟಿ ಕೇಳಿ ನೋಡಿ, ಒಳಗೆ ಕರೆದು ಕೂರಿಸಿ. ಎಲೆಯ ಚೀಟಿ, ಮಂಡಿಯ ಚೀಟಿ, ಬ್ಯಾಂಕಿನ ಪಾಸ್‌ಬುಕ್ ಎದುರಿಗಿಟ್ಟುಕೊಂಡು ಬಂದದ್ದನ್ನೂ ಹೋದದ್ದನ್ನೂ ಇದ್ದ ಹಾಗೆ ಹೇಳಿ.